ಸುಸ್ತನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡ

ತಮ್ಮಾ,

ಮೊನ್ನೆ ಭಾನುವಾರ ಸಂಜೆ ಹರಿಹರಕ್ಕೆ ಬಂದವನು ಮುಂದಿಟ್ಟ ಮಂಡಕ್ಕಿ ಮುಟ್ಟಲಿಲ್ಲ, ಚಹಾ ಆರಿ ಕೆನೆ ಕಟ್ಟಿತು. ಚೀಲದಿಂದ ನಿಮ್ಮವ್ವನ ಎಕೋ ರಿಪೋರ್ಟ್ ತೆಗೆದು, "ದೊಡ್ಡಪ್ಪ, ನಿಮಗೂ ಇದೇ ಆಗಿತ್ತಲ್ಲ, ಇದ್ರಾಗೆ ಏನ್ ಬರ್ದಾರೆ ಹೇಳ್ರಿ" ಅಂದೆ. ತಿಳಿದಷ್ಟು ಹೇಳಿದೆ. ಬಸ್ಸಿಗೆ ಹೊತ್ತಾಯಿತೆಂದು ನೀನು ಎದ್ದುಬಿಟ್ಟೆ, ಅರ್ಧ ಮಾತು ನನ್ನಲ್ಲೇ ಉಳಿಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನೀನಂದ ಒಂದು ಮಾತು ರಾತ್ರಿಯಿಡೀ ಕೊರೆಯಿತು. "ಅವ್ವಗೆ ಎಪ್ಪತ್ತೆರಡು ಆತು. ಈ ವಯಸ್ಸಿನಾಗೆ ಇದೆಲ್ಲ ಬೇಕಾ ಅಂತ ಮನ್ಯಾಗೆ ಅಂತಾರೆ."

ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಆಯುಷ್ಯ ಕಳೆದವನು. ಆದರೆ ಈ ರೋಗದ ಕೈಗೆ ಒಬ್ಬರನ್ನು ಕೊಟ್ಟಿದ್ದೇನೆ, ಅದೇ ರೋಗದಿಂದ ನಾನು ಪಾರಾಗಿ ಬಂದಿದ್ದೇನೆ. ಈ ಎರಡರ ಅಧಿಕಾರದಿಂದ ಹೇಳುತ್ತೇನೆ, ಕೇಳು.

ಮೊದಲು ನನ್ನ ಅಕ್ಕನ ವಿಷಯ. ನೀನಾಗ ಹೈಸ್ಕೂಲು. ಕಾರ್ತಿಕ ಸೋಮವಾರ ಅಕ್ಕ ಹೊಳೆಗೆ ಹೋಗಿ ಮಿಂದು ಹರಿಹರೇಶ್ವರನಿಗೆ ದೀಪ ಹಚ್ಚುವುದು ಮದುವೆಯಾಗಿ ಬಂದಾಗಿನಿಂದ ತಪ್ಪಿಸಿರಲಿಲ್ಲ. ಆ ವರ್ಷ ತುಂಗಭದ್ರೆಯ ಮೆಟ್ಟಿಲು ಹತ್ತುವಾಗ ನಾಲ್ಕು ಮೆಟ್ಟಿಲಿಗೊಮ್ಮೆ ಕೂತಳು. ಒದ್ದೆ ಸೀರೆಯ ಸೆರಗನ್ನು ಹಿಂಡುವ ನೆಪ ಮಾಡಿ ಉಸಿರು ಹಿಡಿಯುತ್ತಿದ್ದಳು. ನಾನು ಹಿಂದೆ ತಂಬಿಗೆ ಹಿಡಿದು ನಿಂತಿದ್ದೆ. "ವಯಸ್ಸಾತು ಬಿಡವ್ವ" ಅಂತ ನಾನೇ ಅಂದೆ. ಅವಳು ನಕ್ಕು "ಹೂಂ, ವಯಸ್ಸಾತು" ಅಂದಳು. ಆಮೇಲೆ ಒಂದು ದಿನ ನಲ್ಲಿ ಹತ್ತಿರ ಕೊಡ ಎತ್ತುವಾಗ ಕಣ್ಣು ಕತ್ತಲೆ ಕಟ್ಟಿ ಬಿದ್ದಳು. ಹತ್ತಿರದ ದವಾಖಾನೆಯಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸಿ, ಶಕ್ತಿಗೆ ಮಾತ್ರೆ ಬರೆದುಕೊಟ್ಟು ಕಳಿಸಿದರು. ಎದೆಯ ಮೇಲೆ ಯಾರೂ ಸ್ಟೆತೊಸ್ಕೋಪ್ ಇಟ್ಟು ಕಿವಿಗೊಟ್ಟು ಕೇಳಲಿಲ್ಲ. ಎರಡನೇ ಸಲ ಬಿದ್ದಾಗ ದಾವಣಗೆರೆಗೆ ಕರೆದೊಯ್ದೆವು. ಎಕೋ ಮಾಡಿ, ಹೃದಯದ ವಾಲ್ವ್ ಕಲ್ಲಾಗಿದೆ, ಆಪರೇಷನ್ ಬೇಕು ಎಂದರು. ಎಪ್ಪತ್ತು ದಾಟಿದವಳ ಎದೆ ಸೀಳಿಸುವುದೇ ಎಂದು ಮನೆಗೆ ಕರಕೊಂಡು ಬಂದೆವು. ಎಂಟು ತಿಂಗಳಿಗೆ, ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ಒಲೆಯ ಮುಂದೆ ಕುಸಿದಳು. ಅಷ್ಟೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮ ಕಥೆ ಅದೇ. ನಿನ್ನ ಒಲೆ ಇನ್ನೂ ಆರಿಲ್ಲ. ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿರುವುದು.

ವಾಲ್ವ್ ಅಂದರೆ ಏನು ಅಂತ ನಿನಗೆ ಹೇಳಿಕೊಡಬೇಕಿಲ್ಲ. ತೋಟದ ಬಾವಿಯಲ್ಲಿ ಪಂಪ್‌ಸೆಟ್ಟಿನ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ. ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ವಾಪಸು ಬಿಡುವುದಿಲ್ಲ. ಹೃದಯದ ಎಡಭಾಗದ ಕೆಳಗಿನ ಕೋಣೆಯಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಯಲ್ಲಿ ಅಂಥದೇ ಒಂದಿದೆ. ಅದೇ ಅಯೋರ್ಟಿಕ್ ವಾಲ್ವ್. ಮೂರು ತೆಳ್ಳನೆಯ ಎಸಳು, ವೀಳ್ಯದೆಲೆಯ ಚಿಗುರಿಗಿಂತ ನಯ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ನಿಮ್ಮವ್ವನ 72 ವರ್ಷಕ್ಕೆ ಗುಣಿಸಿ ನೋಡು, 260 ಕೋಟಿ ದಾಟುತ್ತದೆ. ನಾನು ಕಂಡ ಯಾವ ಯಂತ್ರದ ಯಾವ ಭಾಗವೂ ಎಣ್ಣೆ ಬಿಡದೆ, ರಿಪೇರಿಗೆ ನಿಲ್ಲಿಸದೆ ಅಷ್ಟು ಸಲ ಆಡಿದ್ದಿಲ್ಲ.

ಕೆಲವರಲ್ಲಿ ವಯಸ್ಸಾದಂತೆ ಆ ಎಸಳುಗಳಿಗೆ ಸುಣ್ಣದಂಥ ಗಡಸು ಪದಾರ್ಥ ಕೂತು ಅವು ಸೆಟೆದುಕೊಳ್ಳುತ್ತವೆ. ಬಾಯಿ ಕಿರಿದಾಗುತ್ತದೆ. ಹುಟ್ಟುವಾಗಲೇ ಮೂರರ ಬದಲು ಎರಡೇ ಎಸಳಿದ್ದವರಿಗೆ ಐವತ್ತು ಅರವತ್ತರಲ್ಲೇ ಹೀಗಾಗುವುದುಂಟು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಬಾವು, ಜ್ವರ ಬಂದು ರುಮ್ಯಾಟಿಕ್ ಜ್ವರವಾದವರಿಗೂ ವಾಲ್ವ್ ಕೆಡುತ್ತದೆ. ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ, ನಿನ್ನ ಮಕ್ಕಳ ಗಂಟಲು ನೋವನ್ನೂ ಹಗುರಾಗಿ ತೆಗೆದುಕೊಳ್ಳಬೇಡ. ಇನ್ನೊಂದು ಮಾತು. ನಿಮ್ಮವ್ವ "ಎಲೆ ಅಡಿಕೆಗೆ ಸುಣ್ಣ ಹಚ್ಚಿ ಹಚ್ಚಿ ಎದಿಗೆ ಸುಣ್ಣ ಹತ್ತೇತಿ" ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಾಳಂತೆ. ಹಾಗಲ್ಲ ಅಂತ ಹೇಳು. ಎಲೆಗೆ ಹಚ್ಚುವ ಸುಣ್ಣ ಅಲ್ಲಿಗೆ ಹೋಗಿ ಕೂರುವುದಿಲ್ಲ. ಎಲೆ ಅಡಿಕೆ ಬಿಟ್ಟರೆ ಬಾಯಿಗೆ ಒಳ್ಳೆಯದು, ಆ ಮಾತು ಬೇರೆ. ರೋಗ ಬಂದವರ ತಲೆ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸುವುದು ಬೇಡ.

ಬಾಯಿ ಕಿರಿದಾದರೂ ಹೃದಯ ಒಮ್ಮೆಗೇ ಸೋಲುವುದಿಲ್ಲ. ಗರಡಿಯಲ್ಲಿ ತಾಲೀಮು ಮಾಡಿದ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ, ಒತ್ತಿ ಒತ್ತಿ ರಕ್ತ ದೂಡುತ್ತದೆ. ಹೀಗೆ ವರ್ಷಗಟ್ಟಲೆ ಸಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಂದು ಹಂತದಲ್ಲಿ ಅದಕ್ಕೂ ಆಗದು. ಆಗ ಮೂರು ಕುರುಹು ಕಾಣುತ್ತವೆ. ನಡೆದರೆ ಏದುಸಿರು. ಎದೆಯಲ್ಲಿ ಹಿಂಡಿದಂಥ ನೋವು. ಎದ್ದು ನಿಂತಾಗ, ಭಾರ ಎತ್ತಿದಾಗ ಕಣ್ಣು ಕತ್ತಲೆ. ಈ ಮೂರರಲ್ಲಿ ಒಂದು ಶುರುವಾದ ಮೇಲೆ ವಾಲ್ವ್ ಬದಲಿಸದೆ ಬಿಟ್ಟರೆ ಸುಮಾರು ಅರ್ಧ ಜನ ಎರಡು ವರ್ಷದ ಆಚೆಗೆ ಉಳಿಯುವುದಿಲ್ಲ ಎಂದು ವೈದ್ಯರು ಲೆಕ್ಕ ಹೇಳುತ್ತಾರೆ. ಹೆದರಿಸಲು ಬರೆಯುತ್ತಿಲ್ಲ. ಅಕ್ಕನ ಲೆಕ್ಕ ನನಗೆ ಆಗ ಯಾರಾದರೂ ಹೀಗೆ ಬಿಡಿಸಿ ಹೇಳಿದ್ದರೆ ಅವಳನ್ನು ಮನೆಗೆ ಕರಕೊಂಡು ಬರುತ್ತಿರಲಿಲ್ಲ.

ನಮ್ಮ ಹೆಂಗಸರ ಸ್ವಭಾವ ನಿನಗೆ ಗೊತ್ತು. ಸುಸ್ತಾದರೆ ಹೇಳುವುದಿಲ್ಲ, ಕೆಲಸ ಕಡಿಮೆ ಮಾಡಿಕೊಳ್ಳುತ್ತಾರೆ. "ಹೆಂಗಿದೀಯವ್ವ" ಅಂತ ಕೇಳಿದರೆ "ಆರಾಮಿದೀನಿ" ಅಂತಲೇ ಅನ್ನುತ್ತಾರೆ. ಹಾಗೆ ಕೇಳಬೇಡ. "ಹೋದ ಯುಗಾದಿಗೆ ಏನೇನು ಮಾಡ್ತಿದ್ದೆ, ಈಗ ಏನೇನು ಬಿಟ್ಟಿದ್ದೀಯ" ಅಂತ ಕೇಳು. ನಾನೂ ಅದನ್ನೇ ಮಾಡಿದ್ದೆ. ಮೊದಲು ಮಹಡಿ ಹತ್ತುವುದು ಬಿಟ್ಟೆ, ಬಿಸಿಲು ಜಾಸ್ತಿ ಅಂದೆ. ಆಮೇಲೆ ಸಂತೆಗೆ ಹೋಗುವುದು ಬಿಟ್ಟೆ, ಗದ್ದಲ ಅಂದೆ. ಕೊನೆಗೆ ಹೊಳೆ ದಂಡೆಗೆ ಹೋಗುವುದು ಬಿಟ್ಟೆ, ಮಂಡಿ ನೋವು ಅಂದೆ. ಒಂದೊಂದು ನೆಪದ ಹಿಂದೆಯೂ ಇದ್ದದ್ದು ಅದೇ ಕಿರಿದಾದ ಬಾಯಿ. ಸಕ್ಕರೆ ಕಾಯಿಲೆಗೆಂದು ಹೋದಾಗ ಒಬ್ಬ ಹುಡುಗ ಡಾಕ್ಟರು ಎದೆಯ ಬಲಮೇಲ್ಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟು, ಮತ್ತೆ ಕುತ್ತಿಗೆಗೆ ಇಟ್ಟು, "ಅಜ್ಜಾರ, ಇಲ್ಲಿ ಒಂದು ಸದ್ದು ಬರ್ತಿದೆ, ಎಕೋ ಮಾಡಿಸಿ" ಅಂದ. ಆ ಹುಡುಗನ ಕಿವಿಗೆ ನನ್ನ ಜೀವ ಋಣಿ.

ಇನ್ನು ನಿನ್ನ ಕೈಯಲ್ಲಿರುವ ರಿಪೋರ್ಟ್. ನಾಲ್ಕು ಅಂಕಿ ನೋಡುವುದು ಕಲಿ, ಸಾಕು. ವಾಲ್ವ್ ತೆರೆದಾಗಿನ ಬಾಯಿ ಎಷ್ಟು ದೊಡ್ಡದು ಎಂಬುದು ಮೊದಲನೆಯದು. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರ್ ಇರುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಅಂತ ಲೆಕ್ಕ. ನಿಮ್ಮವ್ವನದು 0.7. ಎರಡನೆಯದು ಆ ಕಿಂಡಿಯಲ್ಲಿ ರಕ್ತ ಚಿಮ್ಮುವ ವೇಗ. ಸೆಕೆಂಡಿಗೆ 4 ಮೀಟರ್ ದಾಟಿದರೆ ತೀವ್ರ, ಅವಳದು 4.6. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಹೇಗೆ ಜೋರಾಗಿ ಚಿಮ್ಮುತ್ತದೆ, ಹಾಗೆ. ಮೂರನೆಯದು ವಾಲ್ವಿನ ಆಚೆ ಈಚೆಯ ಒತ್ತಡದ ಸರಾಸರಿ ವ್ಯತ್ಯಾಸ. 40 ದಾಟಿದರೆ ತೀವ್ರ, ಅವಳದು 52. ನಾಲ್ಕನೆಯದು ಇ.ಎಫ್., ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ದೂಡುತ್ತದೆ ಎಂಬುದು. ಅವಳದು ನೂರಕ್ಕೆ 55. ಅಂದರೆ ಪಂಪು ಇನ್ನೂ ಗಟ್ಟಿಯಿದೆ, ಕೆಟ್ಟಿರುವುದು ವಾಲ್ವ್ ಮಾತ್ರ. ಪಂಪು ಕೆಡುವ ಮೊದಲು ವಾಲ್ವ್ ಬದಲಿಸಬೇಕು. ನಿನಗಿರುವ ಅವಕಾಶ ಇದೇ, ತಮ್ಮಾ.

"ಮಾತ್ರೆಯಲ್ಲಿ ಆಗಲ್ವಾ" ಅಂತ ಕೇಳಿದೆಯಲ್ಲ. ಸೆಟೆದ ಎಸಳನ್ನು ಮೆತ್ತಗೆ ಮಾಡುವ ಮಾತ್ರೆ ಇವತ್ತಿನವರೆಗೂ ಬಂದಿಲ್ಲ. ಕಾಲು ಬಾವಿಗೆ, ಉಸಿರಿಗೆ ಮಾತ್ರೆ ಕೊಟ್ಟು ಸ್ವಲ್ಪ ಹಗುರ ಮಾಡಬಹುದು. ಕಷಾಯ, ಬೇರು, ನಾಟಿ ಪುಡಿ ಕರಗಿಸುತ್ತದೆ ಎಂದು ಯಾರಾದರೂ ಮೊಬೈಲಿನಲ್ಲಿ ಕಳಿಸಿದರೆ ನಂಬಿ ತಿಂಗಳು ಕಳೆಯಬೇಡ. ದಾರಿ ಎರಡೇ. ಎದೆ ತೆರೆದು ವಾಲ್ವ್ ಬದಲಿಸುವುದು ಒಂದು, ತೊಡೆಸಂದಿನ ರಕ್ತನಾಳದಿಂದ ಹೊಸ ವಾಲ್ವ್ ಒಯ್ದು ಕೂರಿಸುವುದು ಇನ್ನೊಂದು.

ಎದೆ ತೆರೆಯುವ ಆಪರೇಷನ್ ಅಂದರೆ ಹೌಹಾರಬೇಡ. ಅರವತ್ತು ವರ್ಷಕ್ಕೂ ಮಿಕ್ಕಿ ನಡೆದುಬಂದ, ಪಳಗಿದ ದಾರಿ ಅದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ನಮ್ಮ ದೇಶದ್ದೇ ಲೋಹದ ವಾಲ್ವ್ ತಯಾರಾಗಿ, 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಕೂರಿತು. ಆಮೇಲೆ ದೇಶದುದ್ದಕ್ಕೂ ಬಡವರ ಎದೆಯಲ್ಲಿ ಅದು ಟಿಕ್ ಟಿಕ್ ಎಂದು ಬಡಿದಿದೆ. ಲೋಹದ ವಾಲ್ವ್ ಬಹಳ ವರ್ಷ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಪ್ರಾಣಿಯ ಪೊರೆಯ ವಾಲ್ವಿಗೆ ಆ ಕಟ್ಟುನಿಟ್ಟು ಕಡಿಮೆ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯಬಹುದು. ವಯಸ್ಸು 65ರ ಒಳಗಿದ್ದರೆ ಸಾಮಾನ್ಯವಾಗಿ ಎದೆ ತೆರೆಯುವ ದಾರಿಯನ್ನೇ ಹೇಳುತ್ತಾರೆ. 80 ದಾಟಿದವರಿಗೆ ತೊಡೆಯ ದಾರಿ. ನಡುವಿನವರಿಗೆ ಎರಡೂ ಉಂಟು. ರಕ್ತನಾಳ ಹೇಗಿದೆ, ಕಿಡ್ನಿ ಹೇಗಿದೆ, ಶ್ವಾಸಕೋಶ ತಡೆಯುತ್ತದೆಯೇ ಎಂದು ತೂಗಿ ನೋಡುತ್ತಾರೆ. ನಿಮ್ಮವ್ವ ಆ ನಡುವಿನ ಸಾಲಿನವಳು. ಹಾಗಾಗಿ ಒಬ್ಬ ಡಾಕ್ಟರ ಮಾತಿಗೆ ನಿಲ್ಲಬೇಡ. ಹೃದ್ರೋಗ ತಜ್ಞರೂ ಆಪರೇಷನ್ ಮಾಡುವ ಸರ್ಜನ್ನರೂ ಒಟ್ಟಿಗೆ ಕೂತು ಹೇಳಲಿ.

ತೊಡೆಯ ದಾರಿಗೆ ಟಾವಿ ಅನ್ನುತ್ತಾರೆ. ಅದರ ಹುಟ್ಟು ನನ್ನಂಥ ಕಾರ್ಖಾನೆಯವನಿಗೆ ಬಹಳ ಹಿಡಿಸಿದ್ದು. 1989ರಲ್ಲಿ ಡೆನ್ಮಾರ್ಕಿನ ಹೆನಿಂಗ್ ರುಡ್ ಆಂಡರ್ಸನ್ ಎಂಬ ತರುಣ ವೈದ್ಯ ಸ್ಟೀಲ್ ತಂತಿಯನ್ನು ಕೈಯಾರೆ ಬಾಗಿಸಿ ಪಂಜರದಂತೆ ಮಾಡಿ, ಒಳಗೆ ಹಂದಿಯ ವಾಲ್ವ್ ಹೊಲಿದು, ಬಲೂನಿನ ಮೇಲೆ ಅದುಮಿ, ಇನ್ನೊಂದು ಹಂದಿಯ ಹೃದಯಕ್ಕೆ ಕೂರಿಸಿ ತೋರಿಸಿದ. ಮನುಷ್ಯರಿಗೆ ಮೊದಲು ಕೂರಿಸಿದವರು ಫ್ರಾನ್ಸಿನ ರೂಆನ್ ಊರಿನ ಡಾ. ಅಲೆನ್ ಕ್ರಿಬಿಯೆ, 2002ರ ಏಪ್ರಿಲ್ 16ರಂದು. ರೋಗಿಗೆ 57 ವರ್ಷ, ಆಪರೇಷನ್ ತಡೆಯಲಾರ ಎಂದು ಸರ್ಜನ್ನರು ಕೈಬಿಟ್ಟಿದ್ದ ಮನುಷ್ಯ. ಆಮೇಲೆ ಅಮೆರಿಕದಲ್ಲಿ ಪಾರ್ಟ್‌ನರ್ ಎಂಬ ಹೆಸರಿನ ಅಧ್ಯಯನ ನಡೆದು 2010ರಲ್ಲಿ ಫಲ ಹೊರಬಂತು. ಆಪರೇಷನ್ ಮಾಡಲಾಗದಷ್ಟು ಬಳಲಿದ್ದವರಲ್ಲಿ, ಮಾಮೂಲಿ ಚಿಕಿತ್ಸೆ ಪಡೆದ ನೂರಕ್ಕೆ ಸುಮಾರು 50 ಮಂದಿ ವರ್ಷದೊಳಗೆ ತೀರಿಕೊಂಡರೆ, ಟಾವಿ ಆದವರಲ್ಲಿ ಆ ಸಂಖ್ಯೆ ಸುಮಾರು 30ಕ್ಕೆ ಇಳಿದಿತ್ತು. ಅಷ್ಟು ಕಷ್ಟದ ರೋಗಿಗಳಲ್ಲೇ ನೂರಕ್ಕೆ ಇಪ್ಪತ್ತು ಜೀವ ಉಳಿಯಿತು ಅಂದರೆ ಸಣ್ಣ ಮಾತಲ್ಲ.

ನಮ್ಮ ನಾಡಿನಲ್ಲೇ ಎಲ್ಲರೂ ಕಂಡ ಉದಾಹರಣೆ ಎಚ್.ಡಿ. ಕುಮಾರಸ್ವಾಮಿಯವರದು. ಅದಕ್ಕೆ ಮೊದಲೇ ಹೃದಯದ ಆಪರೇಷನ್ ಆಗಿದ್ದ ಅವರಿಗೆ 2024ರ ಮಾರ್ಚ್‌ನಲ್ಲಿ ಚೆನ್ನೈನ ಅಪೊಲೊ ಆಸ್ಪತ್ರೆಯಲ್ಲಿ ಈ ದಾರಿಯಲ್ಲೇ ವಾಲ್ವ್ ಚಿಕಿತ್ಸೆ ಆಯಿತು. ಏಪ್ರಿಲ್ 4ಕ್ಕೆ ಮಂಡ್ಯದಲ್ಲಿ ನಾಮಪತ್ರ ಸಲ್ಲಿಸಿ, ಆ ಬೇಸಿಗೆಯ ಚುನಾವಣೆ ಎದುರಿಸಿದರು. ಎಲ್ಲರೂ ಎರಡು ವಾರಕ್ಕೆ ಪ್ರಚಾರಕ್ಕೆ ಹೊರಡಬೇಕು ಅಂತಲ್ಲ. ಎದೆಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯುವ ಕಷ್ಟ ಇದರಲ್ಲಿಲ್ಲ ಅಂತ ತಿಳಿಯಲಿ ಎಂದು ಹೇಳಿದೆ.

ಈಗ ನನಗಾದದ್ದು ಹೇಳುತ್ತೇನೆ, ನಿಮ್ಮವ್ವನಿಗೂ ಓದಿ ಹೇಳು. ಮೂರು ವರ್ಷದ ಹಿಂದೆ, ನನಗಾಗ 76. ಬೆಂಗಳೂರಿನ ಆಸ್ಪತ್ರೆ. ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ವಾಲ್ವ್ ಕೂರುವ ಬಳೆಯನ್ನು ಅಳೆದರು. ಡಾಕ್ಟರು ಪರದೆಯ ಮೇಲೆ ಅಳತೆ ತೋರಿಸಿದಾಗ ನನಗೆ ನಮ್ಮ ಕಾರ್ಖಾನೆಯೇ ನೆನಪಾಯಿತು. ಹೌಸಿಂಗಿಗೆ ಬುಷ್ ಕೂರಿಸುವಾಗ ಕೂದಲೆಳೆ ಹೆಚ್ಚಾದರೆ ಹೌಸಿಂಗ್ ಸೀಳುತ್ತದೆ, ಕಡಿಮೆಯಾದರೆ ಸೋರುತ್ತದೆ. ಇಲ್ಲಿಯೂ ಹಾಗೇ. ಗುಜರಾತಿನ ವಾಪಿಯಲ್ಲಿ ಮೆರಿಲ್ ಕಂಪನಿ ತಯಾರಿಸುವ ಮೈವಾಲ್ ಎಂಬ ನಮ್ಮ ದೇಶದ ವಾಲ್ವಿನಲ್ಲಿ 20, 21.5, 23, 24.5 ಮಿಲಿಮೀಟರ್ ಹೀಗೆ ಒಂದೂವರೆ ಮಿಲಿಮೀಟರಿಗೊಂದು ಅಳತೆ ಇದೆ ಎಂದು ಡಾಕ್ಟರು ಹೇಳಿದಾಗ, ಇವರು ಫಿಟ್ಟಿಂಗ್ ಗೊತ್ತಿದ್ದವರು ಅಂತ ನನಗೆ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಮಲಗಿಸಿ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು, ಮಂಪರು ಬರಿಸಿದರು. ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಅಲ್ಲಿಂದ ಸಣ್ಣ ಕೊಳವೆ ಹೊಕ್ಕಿಸಿ, ಅದರೊಳಗೆ ತಂತಿ, ತಂತಿಯ ಮೇಲೆ ಮಡಚಿದ ವಾಲ್ವ್. ಹಳೇ ವಾಲ್ವನ್ನು ತೆಗೆಯುವುದಿಲ್ಲ. ಅದರ ನಡುವೆ ಹೊಸದನ್ನು ನಿಲ್ಲಿಸಿ ಬಲೂನು ಉಬ್ಬಿಸಿದರೆ ಹಳೆಯ ಎಸಳು ಗೋಡೆಗೆ ಒತ್ತಿಕೊಂಡು, ಹೊಸದು ಬಿಚ್ಚಿ ಕೂರುತ್ತದೆ. ಬಲೂನಿಲ್ಲದೆ ತಾನೇ ಅರಳಿಕೊಳ್ಳುವ ನಮೂನೆಯೂ ಇದೆ. ಬಲೂನು ಉಬ್ಬಿಸುವ ಕೆಲವು ಸೆಕೆಂಡು ವಾಲ್ವ್ ಜಾರದಿರಲೆಂದು ಹೃದಯವನ್ನು ಬಹಳ ವೇಗವಾಗಿ ಓಡಿಸುತ್ತಾರೆ. ಆಗ ರಕ್ತ ಹೆಚ್ಚುಕಡಿಮೆ ಮುಂದೆ ಹೋಗುವುದೇ ಇಲ್ಲ. ನನಗೆ ಎದೆಯಲ್ಲಿ ಪಾರಿವಾಳವೊಂದು ರೆಕ್ಕೆ ಬಡಿದಂತಾಯಿತು, ಕಣ್ಣ ಮುಂದೆ ಬೂದು ಬಣ್ಣ. ಆಮೇಲೆ ಒಂದು ಬಡಿತ, ಇನ್ನೊಂದು ಬಡಿತ. ಯಾರೋ "ಆಯ್ತು ಅಜ್ಜಾರ" ಅಂದರು. ಸಂಜೆ ವಾರ್ಡಿನಲ್ಲಿ ನಿಮ್ಮ ದೊಡ್ಡವ್ವ ನನ್ನ ಪಾದ ಮುಟ್ಟಿ ನೋಡಿ ಅತ್ತಳು. ಎಷ್ಟೋ ತಿಂಗಳಿಂದ ತಣ್ಣಗಿದ್ದ ಪಾದ ಬೆಚ್ಚಗಾಗಿತ್ತು. ನಾಲ್ಕನೇ ದಿನ ಮನೆ.

ಒಳ್ಳೆಯದನ್ನಷ್ಟೇ ಹೇಳಿ ನಿನ್ನನ್ನು ಕಳಿಸಿದರೆ ದೊಡ್ಡಪ್ಪನ ಕೆಲಸ ಮಾಡಿದಂತಾಗುವುದಿಲ್ಲ. ಟಾವಿಯಲ್ಲಿ ಅಪಾಯವೂ ಉಂಟು. ಕೆಲವರಿಗೆ ಸುಣ್ಣದ ಚೂರು ಸಿಡಿದು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ತೊಡೆಯ ನಾಳದಲ್ಲಿ ರಕ್ತಸ್ರಾವ ಆಗಬಹುದು. ಹೊಸ ವಾಲ್ವ್ ಹೃದಯದ ವಿದ್ಯುತ್ ದಾರಿಯನ್ನು ಒತ್ತಿ ಬಡಿತ ನಿಧಾನವಾದರೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ. ವಾಲ್ವಿನ ಅಂಚಿನಲ್ಲಿ ಸ್ವಲ್ಪ ಸೋರಿಕೆ ಉಳಿಯಬಹುದು. ಸ್ಕ್ಯಾನಿಗೆ ಹಾಕುವ ಔಷಧಿಯಿಂದ ಕಿಡ್ನಿಗೆ ತೊಂದರೆ ಆಗದಂತೆ ಮೊದಲೇ ರಕ್ತ ಪರೀಕ್ಷೆ ಬೇಕು. "ನಮ್ಮವ್ವನಿಗೆ ಇದರಲ್ಲಿ ಯಾವುದು ಹೆಚ್ಚು" ಅಂತ ಡಾಕ್ಟರನ್ನು ನೇರ ಕೇಳು. "ನೀವು ಇಲ್ಲಿಯವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ" ಅಂತಲೂ ಕೇಳು. ಒಳ್ಳೆಯ ಡಾಕ್ಟರು ಇಂಥ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಮನೆಯಲ್ಲಿ ಇನ್ನೊಂದು ಮಾತು ಏಳುತ್ತದೆ, ಈಗಲೇ ಹೇಳಿಬಿಡುತ್ತೇನೆ. ಟಾವಿಯ ವಾಲ್ವಿನ ಎಸಳು ದನದ ಅಥವಾ ಹಂದಿಯ ಹೃದಯದ ಪೊರೆಯಿಂದ ಮಾಡಿದ್ದು. ಲಿಂಗ ಕಟ್ಟಿಕೊಂಡು, ಒಂದು ದಿನವೂ ಮಾಂಸ ಮುಟ್ಟದ ನಿಮ್ಮವ್ವನಿಗೆ ಇದನ್ನು ಮುಚ್ಚಿಡಬೇಡ. ನನಗೂ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಕೊನೆಗೆ, ಯಾವ ಜೀವದಿಂದ ಬಂದರೂ ಜೀವ ಉಳಿಸಲು ಬಂದದ್ದು, ಅದಕ್ಕೆ ಕೈಮುಗಿಯುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಅದು ನನ್ನ ತೀರ್ಮಾನ. ಅವಳಿಗೆ ಒಪ್ಪಿಗೆಯಾಗದಿದ್ದರೆ ಎದೆ ತೆರೆದು ಲೋಹದ ವಾಲ್ವ್ ಹಾಕುವ ದಾರಿ ಇದೆ. ತಿಳಿದು ಆರಿಸಿಕೊಳ್ಳಲಿ.

ದುಡ್ಡಿನ ಮಾತಿಗೆ ಬರುತ್ತೇನೆ, ನಿನ್ನ ಮುಖ ಬಾಡಿದ್ದು ಅದಕ್ಕೇ ಅಂತ ನನಗೆ ಗೊತ್ತು. ಟಾವಿಗೆ ಖಾಸಗಿ ಆಸ್ಪತ್ರೆಯಲ್ಲಿ ಹತ್ತು ಲಕ್ಷ ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ವಾಲ್ವಿನ ಬೆಲೆಯೇ. ಎದೆ ತೆರೆಯುವ ಆಪರೇಷನ್ ಅದಕ್ಕಿಂತ ಎಷ್ಟೋ ಕಡಿಮೆ. ಹಾಗೆಂದು ಭತ್ತದ ಗದ್ದೆ ಮಾರಲು ಓಡಬೇಡ. ಮೊದಲು ರೇಷನ್ ಕಾರ್ಡು, ಆಧಾರ್ ಹಿಡಿದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಕಾಣು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. 70 ದಾಟಿದವರಿಗೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತಂದ ಕಾರ್ಡಿನ ವಿಷಯವನ್ನೂ ಕೇಳು. ನೀನು ಸಹಕಾರ ಸಂಘದ ಸದಸ್ಯ, ಯಶಸ್ವಿನಿ ಯೋಜನೆಗೆ ಕಟ್ಟಿದ್ದೀಯಾ ನೋಡಿಕೋ. ಯಾವ ಚಿಕಿತ್ಸೆಗೆ ಎಷ್ಟು ಮಂಜೂರಾಗುತ್ತದೆ ಎಂದು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಪಡೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದು, ಅಲ್ಲಿ ಎರಡೂ ಬಗೆಯ ಚಿಕಿತ್ಸೆ ಇದೆ, ಖಾಸಗಿಗಿಂತ ಖರ್ಚು ಕಡಿಮೆ. ನಮ್ಮ ಜೆ.ಜೆ.ಎಂ. ಮೆಡಿಕಲ್ ಕಾಲೇಜಿಗೆ ಯಾವ ಚಿತ್ರದುರ್ಗದ ಜಯದೇವ ಜಗದ್ಗುರುಗಳ ಹೆಸರಿದೆಯೋ, ಬೆಂಗಳೂರಿನ ಆಸ್ಪತ್ರೆಗೂ ಅವರದೇ ಹೆಸರು. ದಿನಾ ಜಯದೇವ ಸರ್ಕಲ್ ದಾಟಿ ಅಂಗಡಿಗೆ ಹೋಗುವವನು ನೀನು, ಆ ಹೆಸರಿನ ಬಾಗಿಲನ್ನು ತಟ್ಟಲು ಹಿಂಜರಿಯಬೇಡ. ಹೃದಯದ ತಜ್ಞರು ದಾವಣಗೆರೆಯಲ್ಲೂ ಇದ್ದಾರೆ. ಮೊದಲ ಮಾತು ಅವರ ಜೊತೆಗೇ ಆಗಲಿ. ಮುಂದೆ ವರ್ಷ ವರ್ಷ ಎಕೋ ಮಾಡಿಸಲು, ರಾತ್ರಿ ಹೊತ್ತು ಏನಾದರೂ ಆದರೆ ಓಡಲು, ಅವರೇ ಹತ್ತಿರದವರು.

ಚಿಕಿತ್ಸೆ ಆಗುವವರೆಗೆ ಇಷ್ಟು ನೆನಪಿಡು. ನಿಮ್ಮವ್ವ ಕೊಡ ಎತ್ತಬಾರದು, ಮೆಟ್ಟಿಲು ಓಡಬಾರದು, ಉಪವಾಸ ಮಾಡಿ ಬಿಸಿಲಲ್ಲಿ ಗುಡಿಗೆ ನಡೆಯಬಾರದು. ಎದೆನೋವು ಅಂದಾಕ್ಷಣ ಪಕ್ಕದ ಮನೆಯವರು ಕೊಟ್ಟ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ. ವಾಲ್ವ್ ಹೀಗೆ ಕಿರಿದಾದವರಿಗೆ ಸಾರ್ಬಿಟ್ರೇಟಿನಂಥ ಮಾತ್ರೆಯಿಂದ ಬಿ.ಪಿ. ದಿಢೀರನೆ ಇಳಿದು ಅನಾಹುತ ಆಗಬಹುದು. ಹಲ್ಲು ಹುಳುಕಿದ್ದರೆ ಮೊದಲೇ ತೋರಿಸು. ವಾಲ್ವ್ ಹಾಕಿದ ಮೇಲಂತೂ ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ವಾಲ್ವಿನ ವಿಷಯ ಹೇಳಲೇಬೇಕು. ಬಾಯಿಯ ಸೋಂಕು ರಕ್ತದಲ್ಲಿ ಹೋಗಿ ಹೊಸ ವಾಲ್ವಿಗೆ ಹತ್ತಿಕೊಂಡರೆ ಬಿಡಿಸುವುದು ಕಷ್ಟ. ವಾಲ್ವಿನ ಕಾರ್ಡು ಕೊಡುತ್ತಾರೆ, ನಾನು ಅದನ್ನು ಆಧಾರ್ ಕಾರ್ಡಿನ ಜೊತೆ ಅಂಗಿ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ.

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ಮಾತು. ನೀನು, ನಿನ್ನ ತಂಗಿ, ಅಳಿಯಂದಿರು ಪಡಸಾಲೆಯಲ್ಲಿ ಕೂತು ತೀರ್ಮಾನ ಮಾಡಿ, ಅಡಿಗೆಮನೆಗೆ ಹೋಗಿ ನಿಮ್ಮವ್ವನಿಗೆ ತಿಳಿಸಬೇಡಿ. ಅವಳನ್ನೇ ನಡುವೆ ಕೂರಿಸಿ ಕೇಳಿ. ನಾವು ಅಕ್ಕನನ್ನು ಕೇಳಲೇ ಇಲ್ಲ. ಅವಳ ಪರವಾಗಿ ನಾವೇ ಹೆದರಿದೆವು, ಅವಳ ಪರವಾಗಿ ನಾವೇ ಬೇಡ ಅಂದೆವು. ಅವಳಿಗೆ ಬದುಕುವ ಆಸೆ ಎಷ್ಟಿತ್ತು ಅಂತ ನನಗೆ ಗೊತ್ತಾದದ್ದು ಅವಳು ಹೋದ ಮೇಲೆ. ಅವಳ ಪೆಟ್ಟಿಗೆಯಲ್ಲಿ ಮುಂದಿನ ಕಾರ್ತಿಕಕ್ಕೆಂದು ಹೊಸೆದಿಟ್ಟ ಬತ್ತಿಯ ಗಂಟು ಸಿಕ್ಕಿತು. ನಿಮ್ಮವ್ವನ ಪೆಟ್ಟಿಗೆಯಲ್ಲಿ ಏನೇನು ಕಟ್ಟಿಟ್ಟಿದ್ದಾಳೋ, ಅವಳ ಬಾಯಲ್ಲೇ ಕೇಳು. ಎಲ್ಲ ತಿಳಿದ ಮೇಲೂ ಬೇಡ ಅಂದರೆ ಅದೂ ಅವಳ ಹಕ್ಕು. ಬೇಕು ಅಂದರೆ ಒಂದು ವಾರವೂ ಕಳೆಯಬೇಡ.

ಸೋಮವಾರ ಬೆಳಿಗ್ಗೆ ತಜ್ಞರ ಹತ್ತಿರ ಹೋಗುವುದಕ್ಕೆ ಚೀಟಿ ಮಾಡಿಸಿಡು. ಎಕೋ ರಿಪೋರ್ಟು, ಹಳೇ ಮಾತ್ರೆ ಚೀಟಿ, ಸಕ್ಕರೆ ಬಿ.ಪಿ. ಬರೆದ ಪುಸ್ತಕ ಎಲ್ಲ ಒಂದೇ ಫೈಲಿನಲ್ಲಿರಲಿ. ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರಕೋ, ಅಲ್ಲಿ ಹೋದ ಮೇಲೆ ಅರ್ಧ ಮರೆಯುತ್ತದೆ. ನಾನು ಹರಿಹರದಿಂದ ಏಳೂವರೆ ಹೊತ್ತಿಗೆ ಬಸ್ಸು ಹತ್ತಿ ಬಂದುಬಿಡುತ್ತೇನೆ, ಸ್ಟ್ಯಾಂಡಿಗೆ ಕರೆಯಲು ಬರಬೇಡ, ನಿಮ್ಮ ಮನೆತನಕ ನಡೆದೇ ಬರುತ್ತೇನೆ. ಮೂರು ವರ್ಷದ ಹಿಂದೆ ಆ ದಾರಿಯಲ್ಲಿ ಎರಡು ಕಡೆ ಕೂರಬೇಕಿತ್ತು. ಈಗ ಎಲ್ಲೂ ಕೂರುವುದಿಲ್ಲ. ನಿಮ್ಮವ್ವ ಬಾಗಿಲಲ್ಲಿ ನಿಂತು ನಾನು ನಡೆದು ಬರುವುದನ್ನು ನೋಡಲಿ.

ನಿನ್ನ
ದೊಡ್ಡಪ್ಪ